ಕತ್ತರಿ ಏಳನೇ ತಿರುವು ಮುಟ್ಟುವ ಮೊದಲು

ಏಳನೇ ತಿರುವಿನ ಪಂಚಾಕ್ಷರಯ್ಯನವರಿಗೆ ಒಂದು ಜಂಬವಿತ್ತು. 'ಹಿತ್ತಿಲು' ಬ್ಲಾಗಿನಲ್ಲಿ ಹೊಸದು ಏನು ಬಂದರೂ ಊರಿನಲ್ಲಿ ಎಲ್ಲರಿಗಿಂತ ಮೊದಲು ತಮ್ಮ ಫೋನಿಗೇ ಬರುತ್ತದೆ ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. "ನಿಮಗಿನ್ನೂ ಬಂದಿಲ್ವಾ? ನಾನು ಬೆಳಿಗ್ಗೇನೇ ಓದಿ ಮುಗಿಸಿದೆ. ಫೋನ್ ಅಂದ್ರೆ ಇಂಥದ್ದು ಇಟ್ಕೋಬೇಕು" ಎನ್ನುತ್ತಿದ್ದರು. ಕೇಳಿದವರು ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. ಅಡಿಕೆ ಬಾಯಿಗೆ ಹಾಕಿಕೊಂಡು ಆಕಾಶ ನೋಡುತ್ತಿದ್ದರು. ಅವರು ಯಾಕೆ ಹಾಗೆ ನೋಡುತ್ತಿದ್ದರೆಂದು ನನಗೆ ಎರಡು ವರ್ಷ ಹೊಳೆಯಲಿಲ್ಲ. ಹೊಳೆದ ದಿನ ನಾನು ಮಾಡಿದ ಕೆಲಸವನ್ನೇ ಈಗ ಹೇಳುತ್ತಿದ್ದೇನೆ.

ನಮ್ಮೂರಿನಲ್ಲಿ ಫೋನಿಗೆ ಬರುವ ಸುದ್ದಿ ನಡೆದುಕೊಂಡೇ ಬರುತ್ತದೆ. ಬರೆದವರ ಕಾಲು ಎಷ್ಟು ಬೇಗ ನಡೆಯುತ್ತದೋ ಅಷ್ಟೇ ಬೇಗ. ಊರೆಂದರೆ ಒಂದು ಗುಡ್ಡ, ಗುಡ್ಡಕ್ಕೆ ಏಳು ತಿರುವಿನ ಮೆಟ್ಟಿಲು, ಮೆಟ್ಟಿಲಿನ ಅಕ್ಕಪಕ್ಕ ಮನೆಗಳು. ಗಾಲಿ ಇರುವ ಯಾವುದೂ ಇಲ್ಲಿ ಹತ್ತುವುದಿಲ್ಲ. ಅಂಚೆಯ ಮರಿಸ್ವಾಮಿ ಬರೆದದ್ದು ಹನ್ನೆರಡು ನಿಮಿಷದಲ್ಲಿ ಬುಡದಿಂದ ತುದಿಗೆ ಮುಟ್ಟುತ್ತದೆ. ಆದರೆ ಪಾಪ, ಅವನಿಗೆ ಬರೆಯಲು ಏನೂ ಇಲ್ಲ, ಮನೆಯಲ್ಲಿ ಇವತ್ತು ಏನು ಸಾರು ಎಂದು ಬರೆಯುತ್ತಾನೆ. ಮದುವೆ, ಸಾವು, ನೀರು ಬಿಡುವ ಹೊತ್ತು ಇಂಥವನ್ನೆಲ್ಲ ಜನ ಅವನ ಕೈಯಿಂದಲೇ ಹಾಕಿಸುತ್ತಾರೆ. ಪುರಾಣದ ಬ್ಲಾಗು ಬರೆಯುತ್ತಿದ್ದ ವೀರಪ್ಪ ಮೇಷ್ಟ್ರು ಕಾಲು ಮುರಿದುಕೊಂಡಾಗ ಅವರ ಒಂದು ಅಧ್ಯಾಯ ಮೂರು ತಿಂಗಳು ಅವರ ಹೊಸ್ತಿಲಲ್ಲೇ ಕೂತಿತ್ತು. ತಾಳ್ಮೆ ಇಲ್ಲದವರು ಅವರ ಮನೆ ಬಾಗಿಲಿಗೇ ಹೋಗಿ ಫೋನು ಹಿಡಿದು ಓದಿ ಬಂದರು. ಹೊರಗಿನ ಊರುಗಳ ಸುದ್ದಿ ಬರುವಷ್ಟರಲ್ಲಿ ಹಳಸಿರುತ್ತದೆ, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಕರೆ ಮಾಡಿದರೂ ಅಷ್ಟೇ, ನಾವು ಆಡಿದ ಮಾತು ಅದೇ ಮೆಟ್ಟಿಲು ಹತ್ತಿಕೊಂಡು ಹೋಗಬೇಕು. ಅದಕ್ಕೇ ಪ್ರತಿ ಪೋಸ್ಟಿನ ತಲೆಯ ಮೇಲೆ 'ಹೊರಟದ್ದು ಇಷ್ಟು ಗಂಟೆಗೆ' ಎಂದು ಇರುತ್ತದೆ. ಅದನ್ನು ಮೊದಲು ನೋಡಿ ಆಮೇಲೆ ವಿಷಯ ಓದಬೇಕು ಎನ್ನುವುದನ್ನು ನಮ್ಮಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಕಲಿಸುತ್ತಾರೆ.

ನನ್ನ ಹೆಸರು ದಾಕ್ಷಾಯಿಣಿ. ಗುಡ್ಡದ ಬುಡದಲ್ಲಿ, ಕೆರೆಯ ಪಕ್ಕದ ಒಂಟಿ ಮನೆಯಲ್ಲಿ ಟೈಲರ್ ಕೆಲಸ ಮಾಡುತ್ತೇನೆ. ವಯಸ್ಸು ಅರವತ್ತೆರಡು, ಎಡ ಮಂಡಿ ನೋವು, ನಾಲಿಗೆ ಮಾತ್ರ ಇನ್ನೂ ಚುರುಕು. 'ಕತ್ತರಿ' ಅಂತ ನನ್ನದೊಂದು ಬ್ಲಾಗು ಇದೆ. ಯಾರ ಮನೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾರು ಸೀರೆಗೆ ಒಪ್ಪದ ರವಿಕೆ ಹೊಲಿಸಿದರು, ಇಂಥದ್ದೆಲ್ಲ. ಊರಿನಲ್ಲಿ ಅದನ್ನು ಹಿಂಬಾಲಿಸದವರು ಇರಲಿಲ್ಲ. ಮೆಟ್ಟಿಲು ಹತ್ತುವಾಗ ನಾನು ಪ್ರತಿ ತಿರುವಿನ ಕಟ್ಟೆಯ ಮೇಲೆ ಮೂರು ನಿಮಿಷ ಕೂರುತ್ತೇನೆ. ನಾನು ಬರೆದದ್ದೂ ಹಾಗೆಯೇ ಕೂತು ಕೂತು ಹೋಗುತ್ತದೆ. ತುದಿ ಮುಟ್ಟಲು ಸರಿಯಾಗಿ ಒಂದು ಗಂಟೆ. "ಕತ್ತರಿ ಕಟ್ಟೆ ಮೇಲೆ ಕೂತಿರಬೇಕು, ಇನ್ನೇನು ಬರುತ್ತೆ" ಎಂದು ಮೇಲಿನವರು ಕಾಯುತ್ತಿದ್ದರು. ಆ ಕಾಯುವಿಕೆ ನನಗೆ ಬಲು ಹಿತವಾಗಿತ್ತು.

ಎರಡು ವರ್ಷದ ಹಿಂದೆ 'ಹಿತ್ತಿಲು' ಶುರುವಾಯಿತು. ಬರೆಯುವವಳ ಹೆಸರಿಲ್ಲ. ಒಂದು ಮನೆ, ಅದರಲ್ಲೊಬ್ಬ ಮುದುಕ, ಒಬ್ಬ ಸೊಸೆ. ಮುದುಕ ಬೆಳಿಗ್ಗೆ ಎದ್ದು ಉಪ್ಪಿನ ಡಬ್ಬಿಯಲ್ಲಿ ಬೆರಳಿಂದ ಗೆರೆ ಎಳೆದು ಇಡುತ್ತಾನೆ, ಸಂಜೆ ಉಪ್ಪು ಎಷ್ಟು ಇಳಿದಿದೆ ನೋಡುತ್ತಾನೆ. ಸೊಸೆ ಸಂಜೆ ಅವನಿಗಿಂತ ಮೊದಲು ಹೋಗಿ ಇಳಿದಲ್ಲೇ ಇನ್ನೊಂದು ಗೆರೆ ಎಳೆಯುತ್ತಾಳೆ. ಮುದುಕ ನೋಡಿ, "ನನ್ನ ಕೈ ಎಷ್ಟು ನೇರ" ಎಂದು ಸಂತೋಷಪಡುತ್ತಾನೆ. ಇಂಥ ಪುಟ್ಟ ಪುಟ್ಟ ಸಂಗತಿಗಳು. ಓದಿದವರು ನಕ್ಕು, ನಕ್ಕ ಮೇಲೆ ಸುಮ್ಮನಾಗುತ್ತಿದ್ದರು. ಜನ ಅದನ್ನು ಕತ್ತರಿಗಿಂತ ಹೆಚ್ಚು ಓದತೊಡಗಿದರು. ನನಗೆ ಹೊಟ್ಟೆಕಿಚ್ಚಾಯಿತು. ಇದಕ್ಕೆ ಬೇರೆ ಬಣ್ಣ ಕಟ್ಟುವುದಿಲ್ಲ, ಅದು ಹೊಟ್ಟೆಕಿಚ್ಚೇ. ಯಾರೆಂದು ಕಂಡುಹಿಡಿದೇ ತೀರುತ್ತೇನೆ ಎಂದು ಹಟ ಹಿಡಿದೆ.

ಮೂರನೇ ತಿರುವಿನಲ್ಲಿ ಬಳೆ ಅಂಗಡಿ ಇಟ್ಟಿರುವ ರತ್ನಾಬಾಯಿ ನನ್ನ ಹಳೇ ಗೆಳತಿ. "ಹಿತ್ತಿಲು ನಿನಗೆ ಎಷ್ಟು ಗಂಟೆಗೆ ಬರುತ್ತೆ?" ಎಂದು ಅವಳನ್ನು ಕೇಳಿದೆ. ಅವಳು ಬಳೆಗೆ ದಾರ ಪೋಣಿಸುತ್ತಾ, "ಅದೆಲ್ಲಾ ಯಾಕೆ ನಿಂಗೆ? ಬಂದಾಗ ಓದು, ಓದಿ ಮುಚ್ಚಿಡು" ಎಂದಳು. ಅವಳಿಗೂ ನನ್ನ ಮೇಲೆ ಅಸೂಯೆ ಎಂದುಕೊಂಡೆ. ಒಂದು ವಾರ ದಿನಾ ಒಂದು ನೆಪ ಮಾಡಿಕೊಂಡು ಬೇರೆ ಬೇರೆ ತಿರುವಿನಲ್ಲಿ ಹೋಗಿ ಕೂತೆ. ಹಿತ್ತಿಲು ಮೇಲಿನಿಂದ ಕೆಳಕ್ಕೆ ಬರುತ್ತಿತ್ತು. ಸಾಲುಮನೆಗಳ ಫೋನುಗಳು ಒಂದಾದ ಮೇಲೊಂದು ಟಿಣ್ ಎನ್ನುವುದು ಕೇಳುತ್ತಿತ್ತು. ಕೆಳಗಿನ ನನ್ನ ಒಂಟಿ ಮನೆಯಲ್ಲಿ, ಹೊಲಿಗೆ ಯಂತ್ರದ ಸದ್ದಿನಲ್ಲಿ, ಅದನ್ನು ನಾನು ಎಂದೂ ಕಿವಿಗೊಟ್ಟು ಕೇಳಿದವಳಲ್ಲ. ಟಿಣ್ ಎಂದು ಒಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಅದರ ಬೆನ್ನಿಗೇ ಮತ್ತೊಂದು. ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ಬರೆದವಳು ಕುಂಟುತ್ತಿದ್ದಳು.

ಊರಿನ ಎಲ್ಲ ಹೆಂಗಸರ ಲಂಗ ಹೊಲಿಯುವವಳು ನಾನು. ಎಡಗಡೆ ಅಂಚನ್ನು ಅರ್ಧ ಅಂಗುಲ ಮೇಲೆ ಮಡಿಸಿ ಹೊಲಿಯುವುದು ಒಬ್ಬಳಿಗೆ ಮಾತ್ರ, ಏಳನೇ ತಿರುವಿನ ನೀಲಾಂಬಿಕೆಗೆ. ಪಂಚಾಕ್ಷರಯ್ಯನವರ ಸೊಸೆ. ಆಗ ಅವರ ಜಂಬವೂ ಅರ್ಥವಾಯಿತು. ಒಂದೇ ಮನೆಯಲ್ಲಿ ಬರೆದದ್ದಕ್ಕೆ ನಡೆಯಲು ದಾರಿಯೇ ಇಲ್ಲ, ಬರೆದ ಗಳಿಗೆಗೇ ಬಂದುಬಿಡುತ್ತದೆ. ಹಾಗಾಗಿ ಅವರಿಗೆ ಮೊದಲು. ಆ ಮುದುಕ ತನ್ನನ್ನೇ ಓದಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ, "ಎಂಥ ಪೆದ್ದ ಮುದುಕನಮ್ಮಾ ಇವನು" ಎಂದು ಜಗಲಿಯಲ್ಲಿ ಕೂತು ಬೇರೆಯವರಿಗೂ ಓದಿ ಹೇಳುತ್ತಿದ್ದ.

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಕತ್ತರಿಯಲ್ಲಿ ಬರೆದೆ. 'ಹಿತ್ತಿಲಿನ ಬಾಗಿಲು ತೆರೆಯಿತು' ಎಂದು ತಲೆಬರಹ ಕೊಟ್ಟೆ. ಲಂಗದ ಅಂಚು, ಹೆಜ್ಜೆಯ ಲೆಕ್ಕ, ಉಪ್ಪಿನ ಡಬ್ಬಿ, ಕೊನೆಗೆ ಹೆಸರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಒಂದು ಲೋಟ ಚಹಾ ಕಾಸಿಕೊಂಡೆ. ಚಹಾ ಮುಗಿದಿರಲಿಲ್ಲ, ಮೂರು ಹನ್ನೆರಡಕ್ಕೆ ಫೋನು ಟಿಣ್ ಎಂದಿತು. ಹಿತ್ತಿಲು. ಹೊರಟದ್ದು ಎರಡು ಗಂಟೆ ಎರಡು ನಿಮಿಷಕ್ಕೆ. ನಾನು ಬರೆಯುವುದಕ್ಕೆ ಒಂದು ಗಂಟೆ ಮೊದಲೇ ಮನೆ ಬಿಟ್ಟು, ಕುಂಟಿಕೊಂಡು ಏಳು ತಿರುವು ಇಳಿದು ಬಂದಿತ್ತು.

ಅದರಲ್ಲಿ ಹೀಗಿತ್ತು: "ಹೊಳೆಯಾಚೆಯ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ನನ್ನನ್ನು ತೆಗೆದುಕೊಂಡಿದ್ದಾರೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು. ತಪ್ಪಿದರೆ ನನ್ನ ಜಾಗ ಇನ್ನೊಬ್ಬಳಿಗೆ ಹೋಗುತ್ತದೆ. ನನ್ನವರು ಅರ್ಜಿಗೆ ಸಹಿ ಹಾಕಿದ್ದಾರೆ, ಆದರೆ ವಾರಕ್ಕೊಮ್ಮೆ ಮಿಲ್ಲಿನಿಂದ ಬಂದಾಗ ಅಪ್ಪನ ಎದುರು ಅವರಿಗೆ ಬಾಯಿ ಬರುವುದಿಲ್ಲ. ಮುದುಕರಿಗೆ ಗೊತ್ತಾದರೆ ನನ್ನ ಸರ್ಟಿಫಿಕೇಟುಗಳಿರುವ ಟ್ರಂಕಿಗೆ ಬೀಗ ಬೀಳುತ್ತದೆ. ಇನ್ನು ಮೂರು ದಿನ. ಅವರು ಇದನ್ನೂ ಓದುತ್ತಾರೆ, ಆ ಸೊಸೆ ಪಾರಾದರೆ ಸಾಕಪ್ಪಾ ಎನ್ನುತ್ತಾರೆ."

ತಕ್ಷಣ ನನ್ನ ಪೋಸ್ಟನ್ನು ಡಿಲೀಟ್ ಮಾಡಿದೆ. ಆದರೆ ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಮ್ಮೂರಿನಲ್ಲಿ ಡಿಲೀಟ್ ಕೂಡ ನಡೆದುಕೊಂಡೇ ಹೋಗಬೇಕು. ಮುಂದೆ ನನ್ನ ತಪ್ಪು, ಹದಿನೈದು ನಿಮಿಷ ಹಿಂದೆ ಅದರ ಅಳಿಸುವಿಕೆ, ಎರಡೂ ನನ್ನದೇ ಮಂಡಿಯಲ್ಲಿ, ಪ್ರತಿ ಕಟ್ಟೆಯ ಮೇಲೂ ಮೂರು ಮೂರು ನಿಮಿಷ ಕೂತುಕೊಂಡು. ಎಲ್ಲಿಯೂ ಒಂದು ಇನ್ನೊಂದನ್ನು ಹಿಡಿಯುವುದಿಲ್ಲ. ನಾಲ್ಕು ಗಂಟೆಗೆ ಪಂಚಾಕ್ಷರಯ್ಯನವರ ಫೋನು ಟಿಣ್ ಎನ್ನುತ್ತದೆ, ನಾಲ್ಕೂಕಾಲಿಗೆ ಅಳಿಸಿಹೋಗುತ್ತದೆ. ನಡುವಿನ ಹದಿನೈದು ನಿಮಿಷದಲ್ಲಿ ಒಬ್ಬ ಹೆಣ್ಣುಮಗಳ ಟ್ರಂಕಿಗೆ ಬೀಗ ಬೀಳುತ್ತದೆ.

ಕೂರದೆ ಹತ್ತಿದರೆ ನನ್ನ ಪೋಸ್ಟಿಗಿಂತ ಮೊದಲು ಹೋಗಬಹುದು. ಇಷ್ಟೇ ನನಗೆ ತಿಳಿದದ್ದು. ಮಂಡಿಗೆ ಒಂದು ಹಳೇ ರವಿಕೆಯ ಬಟ್ಟೆ ಬಿಗಿದು ಕಟ್ಟಿಕೊಂಡು ಹೊರಟೆ.

ಮೊದಲನೇ ತಿರುವಿನಲ್ಲಿ ಹೂವಿನ ಅಂಗಡಿಯವಳು ನನ್ನ ಮುಖ ನೋಡಿ ಫೋನನ್ನು ಬೋರಲು ಹಾಕಿದಳು. ಎರಡನೇ ತಿರುವಿನಲ್ಲಿ ಜಗಲಿಯ ಮೇಲೆ ಕೂತಿದ್ದ ನಾಲ್ವರು ಮಾತು ನಿಲ್ಲಿಸಿದರು. ಒಬ್ಬರೂ "ಏನ್ ದಾಕ್ಷಕ್ಕ, ಭಾರೀ ಸುದ್ದಿ ಹಾಕಿದೀರಿ" ಎನ್ನಲಿಲ್ಲ. ಕತ್ತರಿ ಹೊರಟ ದಿನ ನಾನು ಮೆಟ್ಟಿಲು ಹತ್ತಿದರೆ ಜನ ಮೈಮೇಲೆ ಬೀಳುತ್ತಿದ್ದರು. ಅಂದು ದಾರಿ ಬಿಟ್ಟು ಗೋಡೆಗೆ ಸರಿದರು. ಕಟ್ಟೆ ಕಂಡಾಗಲೆಲ್ಲ ಕಾಲು ತಾನಾಗಿ ಅದರ ಕಡೆ ತಿರುಗುತ್ತಿತ್ತು. ತೊಡೆಗೆ ಹೊಡೆದುಕೊಂಡು ಮುಂದೆ ಹೋದೆ.

ಮೂರನೇ ತಿರುವಿನಲ್ಲಿ ರತ್ನಾಬಾಯಿ ಅಂಗಡಿಯಿಂದ ಎದ್ದು ಬಂದು ಅಡ್ಡ ನಿಂತಳು. ಅವಳ ಕಣ್ಣು ಕೆಂಪಗಿತ್ತು.

"ಏನೇ ಮಾಡ್ದೆ ನೀನು?"

"ಗೊತ್ತಿರ್ಲಿಲ್ಲ ಕಣೆ. ಅವಳು ಹೋಗೋದು ಗೊತ್ತಿರ್ಲಿಲ್ಲ."

"ಅವಳು ನೀಲಾ ಅಂತ ಊರಲ್ಲಿ ಯಾರಿಗೆ ಗೊತ್ತಿಲ್ಲ ಹೇಳು? ಎರಡು ವರ್ಷದಿಂದ ನಮ್ಮ ಬಾಗ್ಲಲ್ಲೇ ಆ ಹೆಜ್ಜೆ ಇಳಿದು ಹೋಗ್ತಾ ಇದೆ. ಹಾಲಿನೋಳಿಗೆ ಗೊತ್ತು, ಮರಿಸ್ವಾಮಿಗೆ ಗೊತ್ತು, ನನ್ನ ಮೊಮ್ಮಗಳಿಗೆ ಗೊತ್ತು. ಆ ಮುದುಕನೊಬ್ಬನಿಗೆ ಗೊತ್ತಿರ್ಲಿಲ್ಲ, ಆಮೇಲೆ ನಿಂಗೆ. ಹೆಸರಿಲ್ದೆ ಬರೆಯೋರ ಹೆಸರು ಆಡಬಾರದು ಅಂತ ಯಾರಾದ್ರೂ ಹೇಳಿಕೊಡ್ಬೇಕಾ?"

ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಅಷ್ಟು ಜನ ಬಾಯಿಗೆ ಅಡಿಕೆ ಹಾಕಿಕೊಂಡು ಆಕಾಶ ನೋಡಿದ್ದು ಇದಕ್ಕೆ. ಇಡೀ ಊರು ಎರಡು ವರ್ಷ ಉಸಿರು ಬಿಗಿಹಿಡಿದು ಕಾಪಾಡಿದ್ದನ್ನು ನಾನು ಒಂದು ಲೋಟ ಚಹಾದ ಹೊತ್ತಿನಲ್ಲಿ ಬೀದಿಗೆ ಚೆಲ್ಲಿದ್ದೆ.

"ಮರಿಸ್ವಾಮಿ ಸಿಕ್ಕಿದ್ರೆ ಅವನನ್ನ ಓಡಿಸೋಣ" ಎಂದಳು ರತ್ನಾಬಾಯಿ, ನನ್ನ ಕಾಲು ನೋಡಿ.

"ಅವನು ಹೋಗಿ ಏನಂತಾನೆ? ಉಗುಳಿದೋಳು ನಾನು, ಒರೆಸೋಳೂ ನಾನೇ."

"ಹಾಗಾದ್ರೆ ಇಲ್ಲೇನು ನಿಂತಿದೀಯ? ಹತ್ತು" ಎಂದು ಬೆನ್ನಿಗೆ ಕೈ ಕೊಟ್ಟು ನೂಕಿದಳು.

ನಾಲ್ಕನೇ ತಿರುವು. ಬಾಯಿ ಒಣಗಿತ್ತು, ಮಂಡಿಯಲ್ಲಿ ಸೂಜಿ ಮುರಿದು ಸಿಕ್ಕಿದ ಹಾಗಿತ್ತು. ಐದನೇ ತಿರುವಿನಲ್ಲಿ ಜನ ಇನ್ನೂ ಫೋನು ನೋಡುತ್ತಿದ್ದರು, ಅಂದರೆ ಅದು ಈಗಷ್ಟೇ ದಾಟಿ ಹೋಗಿತ್ತು. ನಡುವೆ ಎಲ್ಲೋ ಒಂದು ಮನೆಯ ಕಿಟಕಿಯಿಂದ, ನನಗಿಂತ ಹತ್ತು ಮೆಟ್ಟಿಲು ಮೇಲೆ, ಟಿಣ್ ಎಂದು ಕೇಳಿತು. ಆಮೇಲೆ ಅದರ ಪಕ್ಕದ ಮನೆಯಿಂದ. ನನ್ನ ಹೆಜ್ಜೆಯೇ ನನ್ನ ಮುಂದೆ ಮುಂದೆ ಹೋಗುತ್ತಿತ್ತು. ಅದಕ್ಕೆ ನೋವಿಲ್ಲ, ನಾಚಿಕೆಯೂ ಇಲ್ಲ. ಆರನೇ ತಿರುವಿಗೆ ಬಂದಾಗ ಕಟ್ಟೆಯ ಪಕ್ಕದ ಮನೆಯವಳ ಫೋನು ಸದ್ದು ಮಾಡಿತು, ಮುಂದಿನ ಮನೆಯದು ಸುಮ್ಮನಿತ್ತು. ನನ್ನ ಪೋಸ್ಟು ಕಟ್ಟೆಯ ಮೇಲೆ ಕೂತಿತ್ತು, ಎಂದಿನಂತೆ ಮೂರು ನಿಮಿಷಕ್ಕೆ. ನಾನು ಕೂರಲಿಲ್ಲ. ಮುಂದಿನ ಮನೆ ದಾಟಿದೆ, ಅದರಾಚೆಯದು ದಾಟಿದೆ. ಸದ್ದಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಬಾಯಿಗಿಂತ ನನ್ನ ಕಾಲು ಮುಂದಾಗಿತ್ತು.

ಪಂಚಾಕ್ಷರಯ್ಯನವರು ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಕೈಯಲ್ಲಿ ಫೋನು.

"ಓಹೋ, ಟೈಲರಮ್ಮ! ಕತ್ತರಿ ಇನ್ನೂ ಬಂದಿಲ್ಲ ಅಂತ ನೋಡ್ತಾ ಇದ್ದೆ, ನೀವೇ ಬಂದ್ಬಿಟ್ರಲ್ಲ."

ನನಗೆ ಮಾತಾಡಲು ಉಸಿರಿರಲಿಲ್ಲ. ಏನು ಮಾಡಬೇಕೆಂದು ದಾರಿಯಲ್ಲಿ ಯೋಚಿಸಿಯೂ ಇರಲಿಲ್ಲ. ಅವರ ಕೈಯಿಂದ ಫೋನು ಕಿತ್ತುಕೊಂಡೆ, ಚಾಪೆಯ ಮೇಲೆ ಇಟ್ಟೆ, ಅದರ ಮೇಲೆ ಕೂತುಬಿಟ್ಟೆ.

ಮುದುಕರು ದಡಬಡಿಸಿ ಎದ್ದು ನಿಂತರು. ಹೆಂಗಸನ್ನು ಮುಟ್ಟಿ ಎಬ್ಬಿಸುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. "ಏನಮ್ಮಾ ಇದು? ತಲೆ ನೆಟ್ಟಗಿದೆಯಾ? ಏಳಿ ಮೇಲೆ!"

"ಏಳಲ್ಲ" ಎಂದೆ. "ಕತ್ತರಿಯಲ್ಲಿ ಬರೀಬಾರದ್ದು ಬರೆದೆ. ಅಳಿಸಿದೀನಿ. ಅಳಿಸಿದ್ದು ಇನ್ನೂ ದಾರೀಲಿದೆ. ಅದು ಬರೋವರೆಗೂ ನೀವು ನೋಡಕೂಡದು. ಬಂದ ಮೇಲೆ ಏಳ್ತೀನಿ."

ಅಷ್ಟರಲ್ಲಿ ನನ್ನ ಅಡಿಯಲ್ಲಿ ಫೋನು ಟಿಣ್ ಎಂದಿತು. ಅವರು ಚಾಪೆಯನ್ನೇ ದಿಟ್ಟಿಸಿದರು. "ನನ್ನ ವಿಷಯವಾ?" ಎಂದರು ನಿಧಾನವಾಗಿ. ನಾನು ತಲೆ ತಗ್ಗಿಸಿದೆ. ಒಳಗಿನಿಂದ ನೀಲಾ ನೀರಿನ ಚೊಂಬು ಹಿಡಿದು ಬಂದಳು. ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಫೋನೂ ಟಿಣ್ ಎಂದಿತ್ತು. ಅವಳು ಚೊಂಬನ್ನು ಹೊಸ್ತಿಲ ಮೇಲಿಟ್ಟು ಫೋನು ತೆಗೆದು ನೋಡಿದಳು. ನಾನು ಬರೆದದ್ದನ್ನು, ತನ್ನ ಹೆಸರನ್ನು, ತನ್ನ ಕಾಲನ್ನು, ನನ್ನ ಎದುರಿಗೇ ನಿಂತು ಓದಿದಳು. ಅವಳ ಮುಖದಿಂದ ರಕ್ತ ಇಳಿದುಹೋಗುವುದನ್ನು ನೋಡುತ್ತಾ ಕೂರಬೇಕಾಯಿತು. ಅದಕ್ಕಿಂತ ಏಳು ತಿರುವನ್ನು ಇನ್ನೊಮ್ಮೆ ಹತ್ತು ಎಂದಿದ್ದರೆ ಹತ್ತುತ್ತಿದ್ದೆ.

"ನಿನಗೂ ಬಂತಲ್ಲ?" ಎಂದರು ಪಂಚಾಕ್ಷರಯ್ಯ. "ಕೊಡು ಇಲ್ಲಿ. ಬೇಡ, ನನ್ನ ಕನ್ನಡಕ ಒಳಗಿದೆ. ನೀನೇ ಓದು. ಗಟ್ಟಿಯಾಗಿ ಓದು, ಈಯಮ್ಮನೂ ಕೇಳಿಸಿಕೊಳ್ಳಲಿ."

ನೀಲಾ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಗಂಟಲು ಸರಿಮಾಡಿಕೊಂಡು ಓದತೊಡಗಿದಳು.

"ಏಳನೇ ತಿರುವಿನ ಪಂಚಾಕ್ಷರಯ್ಯನವರು ಮೂವತ್ತು ವರ್ಷದಿಂದ ನನ್ನ ಹತ್ತಿರ ಜುಬ್ಬ ಹೊಲಿಸುತ್ತಾರೆ. ಪ್ರತಿ ಯುಗಾದಿಗೂ ಅಳತೆ ತೆಗೆಯಲು ಹೋದರೆ, 'ಹೋದ ವರ್ಷದ್ದೇ ಸಾಕು, ನಾನೇನು ಬದಲಾಗಿಲ್ಲ' ಎನ್ನುತ್ತಾರೆ. ಪ್ರತಿ ಯುಗಾದಿಗೂ ನಾನು ಅವರಿಗೆ ಹೇಳದೆ ಅರ್ಧ ಬೆರಳು ಅಗಲ ಸೇರಿಸುತ್ತೇನೆ. ಅವರು ತೊಟ್ಟು ನೋಡಿ, 'ನೋಡಿದ್ರಾ, ಸರಿಯಾಗೇ ಇದೆ' ಎನ್ನುತ್ತಾರೆ. ಹೀಗೆ ಅವರು ಮದುವೆಯ ದಿನದ ಮೈಯಲ್ಲೇ ಉಳಿದಿದ್ದಾರೆ. ಬಟ್ಟೆ ಮಾತ್ರ ದಪ್ಪಗಾಗುತ್ತಿದೆ."

ಅದರಲ್ಲಿ ಒಂದಕ್ಷರವೂ ನಾನು ಬರೆದದ್ದಲ್ಲ. ಆದರೆ ಪ್ರತಿ ಮಾತೂ ನಿಜ. ಅರ್ಧ ಬೆರಳಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ವರ್ಷ ವರ್ಷ ಆ ಜುಬ್ಬಗಳನ್ನು ಒಗೆದವಳು ಕಂಡುಕೊಂಡಿದ್ದಳು. ನಿಂತ ನಿಲುವಿನಲ್ಲಿ, ನನ್ನ ಧಾಟಿಯಲ್ಲಿ ನನಗಿಂತ ಚೆನ್ನಾಗಿ ಹೇಳಿಬಿಟ್ಟಿದ್ದಳು. ಎರಡು ವರ್ಷ ನಾನು ಯಾರ ಮೇಲೆ ಕಿಚ್ಚುಪಟ್ಟೆ ಎಂದು ಆಗ ಸರಿಯಾಗಿ ತಿಳಿಯಿತು.

ಪಂಚಾಕ್ಷರಯ್ಯನವರು ತಮ್ಮ ಹೊಟ್ಟೆಯ ಮೇಲಿನ ಜುಬ್ಬವನ್ನು ನೋಡಿಕೊಂಡರು. ಮುಖ ಕೆಂಪಾಯಿತು. "ಇಷ್ಟಕ್ಕೇನಾ ಓಡಿ ಬಂದದ್ದು? ಛೀ! ಇನ್ಮೇಲೆ ನಿಮ್ಮ ಕತ್ತರೀನೂ ಬೇಡ, ನಿಮ್ಮ ಹೊಲಿಗೇನೂ ಬೇಡ" ಎಂದು ಆ ಕಡೆ ತಿರುಗಿ ಕೂತರು. ಬೈದುಕೊಳ್ಳಲಿ ಎಂದು ನಾನು ಕೂತೇ ಇದ್ದೆ. ನಾಲ್ಕೂಕಾಲು ಆದ ಮೇಲೆ ನೀಲಾ ತನ್ನ ಫೋನು ನೋಡಿ, "ಹೋಯ್ತು ಮಾವ, ಅಳಿಸಿಹೋಯ್ತು" ಎಂದಳು. ಆಗ ಏಳಲು ನೋಡಿದೆ. ಆಗಲಿಲ್ಲ, ಅವಳೇ ರಟ್ಟೆ ಹಿಡಿದು ಎಬ್ಬಿಸಿದಳು.

ಮಂಡಿಗೆ ಎಣ್ಣೆ ಹಚ್ಚುವ ನೆಪದಲ್ಲಿ ಹಿಂದುಗಡೆ ಕರೆದುಕೊಂಡು ಹೋದಳು. ಬಾವಿಯ ಹತ್ತಿರ ಕೂತು ನಾನು ಅತ್ತೆ. ತಪ್ಪಾಯ್ತು ಎಂದೆ. ಅವಳು ಎಣ್ಣೆ ಹಚ್ಚುತ್ತಲೇ ಇದ್ದಳು.

"ಊರಿಗೆಲ್ಲ ಗೊತ್ತಿದೆ ಅಂತ ನಂಗೂ ಗೊತ್ತಿತ್ತು ದಾಕ್ಷಕ್ಕ. ಯಾರೂ ಬಾಯಿ ಬಿಡಲ್ಲ ಅಂತಾನೂ ಗೊತ್ತಿತ್ತು. ಆ ಧೈರ್ಯದ ಮೇಲೇ ಬರೀತಿದ್ದೆ. ನೀವು ಅದನ್ನ ಹರಿದುಹಾಕಿದ್ರಿ. ಅತ್ರೆ ಅದೇನು ಹೊಲಿದುಕೊಳ್ಳಲ್ಲ."

"ಏನು ಮಾಡ್ಲಿ ಹೇಳು ತಾಯಿ, ಮಾಡ್ತೀನಿ."

ಅವಳು ಎಣ್ಣೆಯ ಕೈ ಒರೆಸಿಕೊಂಡಳು. "ಗುರುವಾರ ಅಲ್ಲಿ ಹೆಸರು ಬರೆಸಿದ ಮೇಲೆ ಮಾವನಿಗೆ ಕಾಣೋ ಹಾಗೆ ಬರೀತೀನಿ. ಹೆಸರು ಮರೆಸಿ ಬರೆದದ್ದು ಸಾಕು. ಅದು ಇಲ್ಲಿಗೆ ಬರೋ ಹೊತ್ತಿಗೆ ಅವರು ಒಬ್ಬರೇ ಇರಬಾರದು. ನೀವು ಬಂದು ಕೂತಿರ್ಬೇಕು. ಬೈದ್ರೂ ಎದ್ದು ಹೋಗಬಾರದು."

"ಎದ್ದು ಹೋಗಲ್ಲ" ಎಂದೆ.

ಆ ಮೂರು ದಿನ ಊರಿನಲ್ಲಿ ಒಂದು ಬಾಯಿಯೂ ಬಿಚ್ಚಲಿಲ್ಲ. ನಾನು ಹೆದರಿ ಸಾಯುತ್ತಿದ್ದೆ, ಉಳಿದವರಿಗೆ ಮಾತ್ರ ಅದು ಎಂದಿನ ಅಭ್ಯಾಸ. ಗುರುವಾರ ಬೆಳಿಗ್ಗೆ ಪಂಚಾಕ್ಷರಯ್ಯನವರು ಒಂದೂಕಾಲು ಗಂಟೆಯ ಪೂಜೆಗೆ ಕೂತಾಗ ನೀಲಾ ಒಂದು ಕೈಚೀಲ ಹಿಡಿದು ಮುಂಬಾಗಿಲಿನಿಂದ ಇಳಿದಳು. ನಾನು ಹತ್ತುತ್ತಿದ್ದೆ. ನಾಲ್ಕನೇ ತಿರುವಿನಲ್ಲಿ ಎದುರಾದೆವು. ಅವಳು ನಿಲ್ಲಲಿಲ್ಲ, ತಲೆ ಆಡಿಸಿ ಮುಂದೆ ಹೋದಳು. ಬಾಗಿಲು ಬಾಗಿಲಲ್ಲೂ ಹೆಂಗಸರು ರಂಗೋಲಿ ಹಾಕುವುದರಲ್ಲಿ, ಅಕ್ಕಿ ಆರಿಸುವುದರಲ್ಲಿ ಮುಳುಗಿದ್ದರು. ಎಲ್ಲಿಗಮ್ಮಾ ಹೊರಟೆ ಎಂದು ಒಬ್ಬರೂ ಕೇಳಲಿಲ್ಲ.

ಪೂಜೆ ಮುಗಿಸಿ ಬಂದ ಮುದುಕರು ನನ್ನನ್ನು ಜಗಲಿಯಲ್ಲಿ ಕಂಡು ಮುಖ ಗಂಟು ಹಾಕಿದರು. "ಮತ್ಯಾಕೆ ಬಂದ್ರಿ?" ಎಂದರು. ಅಳತೆಗೆ, ಎಂದೆ. ಬೇಡ ಎಂದರು. ಬೇಡವಾದರೆ ಸುಮ್ಮನೆ ಕೂತಿರುತ್ತೇನೆ ಎಂದೆ. ಒಳಗೆ ಎರಡು ಸಲ ಸೊಸೆಯನ್ನು ಕೂಗಿದರು. ತಿಂಡಿ ಮುಚ್ಚಿಟ್ಟಿತ್ತು, ತಾವೇ ಬಡಿಸಿಕೊಂಡು ತಿಂದರು. ನೀರಿಗೆ ಹೋಗಿರಬೇಕು ಎಂದುಕೊಂಡರು. ಹನ್ನೆರಡಾಯಿತು, ಒಂದಾಯಿತು. ಹೊಳೆಯಾಚೆಯಿಂದ ಆ ಕಾಲಿಗೆ ಮೂರು ಗಂಟೆಯ ದಾರಿ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಒಂದೂವರೆಗೆ ಆರನೇ ತಿರುವಿನ ಕಡೆಯಿಂದ ಕೇಳಿಸಿತು. ಟಿಣ್. ಸ್ವಲ್ಪ ಬಿಟ್ಟು ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. "ಯಾರದೋ ಕುಂಟು ಪೋಸ್ಟು ಹತ್ತಿ ಬರ್ತಾ ಇದೆ" ಎಂದು ಪಂಚಾಕ್ಷರಯ್ಯ ನಕ್ಕರು. ಎರಡು ವರ್ಷ ಅದು ಇದೇ ಮೆಟ್ಟಿಲು ಇಳಿದು ಹೋಗುವಾಗ ಅವರು ಓದುವುದರಲ್ಲಿರುತ್ತಿದ್ದರು, ಆ ಹೆಜ್ಜೆ ತಮ್ಮ ಕಡೆಗೆ ಬರುವುದನ್ನು ಕೇಳುತ್ತಿದ್ದದ್ದು ಅದೇ ಮೊದಲು. ಏಳನೇ ತಿರುವಿನ ಮೊದಲ ಮನೆ, ಎರಡನೆಯದು, ಪಕ್ಕದ ಮನೆ. ಆಮೇಲೆ ಅವರ ಕೈಯಲ್ಲಿದ್ದ ಫೋನು.

"ಹಿತ್ತಿಲು" ಎಂದರು. "ಇದೇನು, ಇವರಿಗೆಲ್ಲ ಆದ ಮೇಲೆ ನನಗೆ?" ಆಮೇಲೆ ಹೊರಟ ಹೊತ್ತು ನೋಡಿದರು, ಹತ್ತೂವರೆ; ಮೂರು ಗಂಟೆಯ ದೂರದಿಂದ ಕುಂಟಿಕೊಂಡು ಬಂದಿತ್ತು. ನಗು ಹಾಗೇ ನಿಂತಿತು. ಅಡಿಗೆಮನೆಯ ಕಡೆ ತಿರುಗಿ, "ನೀಲಾ" ಎಂದು ಕೂಗಿದರು. ಮತ್ತೆ ಕೂಗಿದರು. ಕೊನೆಗೆ ಓದಿದರು.

ಅದರಲ್ಲಿ ಇದ್ದದ್ದು ಇಷ್ಟು: "ನಾನು ನೀಲಾಂಬಿಕೆ. ತರಬೇತಿಗೆ ಹೆಸರು ಬರೆಸಿದೆ. ಕಿಟಕಿಯ ಪಕ್ಕದ ಮಂಚ ಕೊಟ್ಟಿದ್ದಾರೆ. ಮಾವ, ನಾನು ಎದುರಿಗೆ ನಿಂತು ಆಡಿದ ಒಂದು ಮಾತಿಗೂ ನೀವು ನಗಲಿಲ್ಲ. ಬರೆದದ್ದಕ್ಕೆ ನಕ್ಕಿರಿ. ಜಗಲಿಯಲ್ಲಿ ನೀವು ನಗುವುದು ಅಡಿಗೆಮನೆಗೆ ಕೇಳಿಸುತ್ತಿತ್ತು. ಅದಕ್ಕೇ ಮತ್ತೆ ಮತ್ತೆ ಬರೆದೆ. ಉಪ್ಪಿನ ಡಬ್ಬಿ ಮೇಲಿನ ಗೂಡಿನಲ್ಲಿದೆ."

ಅವರು ಕೂಗಾಡಿದರು. ಅವಳನ್ನು ಬೈದರು, ಮಗನನ್ನು ಬೈದರು, ಹೊಳೆಯಾಚೆಯವರನ್ನೆಲ್ಲ ಬೈದರು. "ನಿಮಗೆ ಗೊತ್ತಿತ್ತಾ?" ಎಂದು ನನ್ನ ಕಡೆ ತಿರುಗಿದರು. ಗೊತ್ತಿತ್ತು ಎಂದೆ. "ಇನ್ಯಾರಿಗೆ ಗೊತ್ತಿತ್ತು?" ಎಂದರು. ಎಲ್ಲರಿಗೂ ಎಂದೆ. "ಎದ್ದು ಹೋಗಿ ಇಲ್ಲಿಂದ!" ಎಂದು ಅರಚಿದರು. ನಾನು ಎದ್ದು ಹೋಗಲಿಲ್ಲ. ನಾಲ್ಕು ಸಲ ಹೇಳಿದರು, ನಾಲ್ಕು ಸಲವೂ ಕೂತೇ ಇದ್ದೆ. ಐದನೇ ಸಲ ಹೇಳಲು ಅವರಿಗೆ ದಮ್ಮಿರಲಿಲ್ಲ, ಗೋಡೆಗೆ ಒರಗಿ ಕೂತರು. ಮೇಲಿನ ಕೊನೆಯ ಮನೆಗಳಲ್ಲೂ ಹಿತ್ತಿಲು ಮುಟ್ಟಿ ಆಗಿತ್ತು, ಊರು ಸುಮ್ಮನಿತ್ತು.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಅವರು ಕಳಚಿಟ್ಟಿದ್ದ ಕನ್ನಡಕ ಕೇಳಿದರು. ಎತ್ತಿಕೊಟ್ಟೆ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು. ಅದು ಅವಳೊಬ್ಬಳಿಗೇ ಹೋಗುವ ಉತ್ತರ. ಏನೆಂದು ನೋಡುವ ಆಸೆ ನನಗೆ ಬೇಕಾದಷ್ಟಿತ್ತು, ಸುಳ್ಳು ಹೇಳುವುದಿಲ್ಲ. ಕುತ್ತಿಗೆ ಬೇರೆ ಕಡೆ ತಿರುಗಿಸಿಕೊಂಡು ಕೂತೆ.

"ಯಾವಾಗ ಮುಟ್ಟುತ್ತೆ ಇದು?" ಎಂದರು ಕಳಿಸುವ ಮೊದಲು. ಅವರು ನಾಲ್ಕನೇ ತಿರುವಿಗಿಂತ ಕೆಳಗೆ ಇಳಿದು ಆರು ವರ್ಷವಾಗಿತ್ತು.

"ನಿಮ್ಮ ನಡಿಗೆಗೆ ನಾಳೆ ಬೆಳಗಿನ ಜಾವ ನಾಲ್ಕು ಗಂಟೆ ಆಗುತ್ತೆ. ಆ ಹೊತ್ತಿಗೆ ಎದ್ದಿರ್ತಾಳೆ ಬಿಡಿ. ನಿಮ್ಮನೇಲಿ ದಿನಾ ಆಗಲೇ ಅಲ್ವಾ ಏಳ್ತಾ ಇದ್ದದ್ದು."

ಅವರು ಕೆಳಗಿನ ಮೆಟ್ಟಿಲುಗಳ ಕಡೆ ನೋಡಿದರು.

"ಸದ್ದು ಮಾಡದೆ ಹೋಗೋ ಹಾಗೆ ಕಳಿಸೋಕೆ ಆಗುತ್ತಾ ನೋಡಿ" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. "ಅಲ್ಲಾದ್ರೂ ಬೆಳಗಾಗೋವರೆಗೂ ಮಲಗ್ಲಿ."